ಹದಿನೇಳು ಮಣಿ ಕಡಿಮೆ

ಅರಸೀಕೆರೆಯಲ್ಲಿ ರಾತ್ರಿ ಹತ್ತೂಕಾಲಿಗೆ
ಯಾವ ಅಂಗಡಿಯೂ ತೆರೆದಿರುವುದಿಲ್ಲ,
ಬಸ್‌ಸ್ಟ್ಯಾಂಡಿನ ಬಾಳೆಹಣ್ಣಿನವನೊಬ್ಬನ ಬಿಟ್ಟು.
ಅವನ ಹತ್ತಿರ ನೇರಳೆ ಮಣಿ ಸಿಗುವುದಿಲ್ಲ.

ಕುರ್ಚಿಯ ಬೆನ್ನಿಗೆ ಬಿಗಿದ ಸೀರೆ, ಗಿಳಿಹಸಿರು, ನೇರಳೆ ಸೆರಗು.
ನಾಳೆ ಒಂಬತ್ತಕ್ಕೆ ಹೇಮಾಕ್ಷಿ ಬರುತ್ತಾಳೆ, ತಂಗಿಯ ಬೀಗರೂಟ.
ಫೋನಿನಲ್ಲಿ ತೋರಿಸಿದ ಚಿತ್ರದಂತೆಯೇ ಕುಚ್ಚು ಆಗಬೇಕು:
ಕಮಾನಿಗೆ ಮೂರು ಮಣಿ, ತುದಿಗೊಂದು ಹನಿ,
ಒಂದಕ್ಕೊಂದು ಅವಳಿ ಮಕ್ಕಳ ಹಾಗೆ.
ಅಳೆದಿದ್ದೆ, ಎಣಿಸಿದ್ದೆ, ಕ್ಯಾಲೆಂಡರಿನ ಹಿಂದೆ ಬರೆದೂ ಇಟ್ಟಿದ್ದೆ.
ಸೆರಗಿನ ಕೊನೆಗೆ ಬಂದಾಗ ಹದಿನೇಳು ಕಡಿಮೆ.

ಎಣಿಸದೆ ಕಡ್ಡಿ ಹಿಡಿಯಬೇಡ ಎಂದಿದ್ದರು ಫಿಲೋಮಿನಾ ಆಂಟಿ,
ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು.
ಅವರ ಗಂಡ ಪಾಯಿಂಟ್ಸ್‌ಮನ್. ಅವರ ಮನೆಯಲ್ಲಿ
ರೇಡಿಯೋಗೆ ಅಂಗಿ, ನೀರಿನ ಹೂಜಿಗೆ ಟೋಪಿ,
ಎಲ್ಲಾ ಬಿಳಿ ಕ್ರೋಶಾ.
ಸರಪಳಿ, ಗಂಟು, ಕಂಬ, ಜೋಡಿಕಂಬ,
ಮಗ್ಗಿಯಂತೆ ಬಾಯಿಪಾಠ.
ನನಗೆ ಹನ್ನೊಂದು ವರ್ಷ. ಆರರ ಬದಲು ಐದೇ ಕಂಬ ಹಾಕುತ್ತಾ ಹೋದೆ,
ತಟ್ಟೆಯಂತೆ ಚಪ್ಪಟೆ ಕೂರಬೇಕಾದದ್ದು
ಅಣಬೆಯಾಗಿ ಎದ್ದು ನಿಂತಿತು.
ತಪ್ಪು ಎಂದರು. ತಪ್ಪೇ.
ಆದರೆ ಬಿಚ್ಚುವ ಮೊದಲು ಅದನ್ನು
ಒಂದು ಗಳಿಗೆ ಹೆಬ್ಬೆರಳಿಗೆ ತೊಡಿಸಿ ನೋಡಿದ್ದರು.
ನಾನು ನೋಡಿಬಿಟ್ಟಿದ್ದೆ.

ಮನೆ ಜಾಲಾಡಿದೆ.
ಮಗಳ ಹರಿದ ಸರದಲ್ಲಿ ಒಂಬತ್ತು, ಗುಲಾಬಿ, ಪ್ಲಾಸ್ಟಿಕ್ಕಿನವು.
ಜೋಡಿ ಕಳೆದುಕೊಂಡ ಓಲೆಯಿಂದ ಮೂರು ಮುತ್ತು.
ಗಂಡನ ಆಟೋದ ಕನ್ನಡಿಗೆ ತೂಗುತ್ತಿದ್ದ ಮಾಲೆಯಿಂದ ಐದು,
ಯಾವ ಬಣ್ಣವಿತ್ತೋ, ಈಗ ಹೊಗೆಬಣ್ಣ.
ಲೆಕ್ಕ ಸರಿಹೋಯಿತು. ಬಣ್ಣಗಳದ್ದೇ ಜಗಳ.

ಸ್ಟೀಲು ತಟ್ಟೆಗೆ ಸುರಿದು ಸುಮ್ಮನೆ ಕೂತಿದ್ದೆ,
ಗೂಡ್ಸ್ ಗಾಡಿ ಬಂತು. ಖಾಲಿ ವ್ಯಾಗನ್ನುಗಳ ಸದ್ದು.
ಕಿಟಕಿ ನಡುಗಿ, ನೆಲ ನಡುಗಿ, ತಟ್ಟೆ ನಡುಗಿ
ಮಣಿಗಳು ಒಂದನ್ನೊಂದು ತಳ್ಳಾಡಿ ಬದಿಗೆ ಸರಿದವು:
ದೊಡ್ಡವು ಹಿಂದೆ, ಮುತ್ತು ಮುಂದೆ,
ನಡುವೆ ಎರಡು ಬೆರಳಿನಷ್ಟು ಬರಿದು.
ಆ ಬರಿದನ್ನು ನಾನಾಗಿದ್ದರೆ ಬಿಡುತ್ತಿರಲಿಲ್ಲ.

ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಕಡ್ಡಿ ಎತ್ತಿಕೊಂಡೆ.
ಎಣಿಸಲಿಲ್ಲ.
ಒಂದು ಕಮಾನಿಗೆ ಮಣಿಯೇ ಇಲ್ಲ, ಗಾಳಿ.
ಮುಂದಿನದಕ್ಕೆ ನಾಲ್ಕು, ಸಿನಿಮಾ ಬಿಟ್ಟ ಹಾಗೆ ನುಗ್ಗಿಕೊಂಡು.
ಹೊಗೆಬಣ್ಣದ ಪಕ್ಕ ಕೂತದ್ದೇ
ಗುಲಾಬಿಯ ಪ್ಲಾಸ್ಟಿಕ್ ಗುಣ ಹೊರಟುಹೋಯಿತು, ಹೇಗೆಂದು ಕೇಳಬೇಡಿ.
ಬೆರಳುಗಳು ಮುಂದೆ ಹೋದವು; ಬುದ್ಧಿ
ಚಪ್ಪಲಿ ಹುಡುಕಿಕೊಂಡು ಹಿಂದಿನಿಂದ ಬಂತು.

ಬೇಲೂರಿನ ಕಲ್ಲುಕುಟಿಗನಿಗೆ ಈ ಸುಖವಿಲ್ಲ, ಪಾಪ.
ಕಲ್ಲಿನ ಮೂಗು ಹೋದರೆ ಹೋಯಿತು.
ನಾನು ದಾರದ ತುದಿ ಎಳೆದರೆ ಸಾಕು,
ಒಂದು ಗಂಟೆಯ ಕೆಲಸ ಸುರ್ರೆಂದು ಮಡಿಲಿಗೆ,
ಗುಂಗುರು ಗುಂಗುರಾಗಿ, ಇನ್ನೂ ಬೆಚ್ಚಗೆ.
ಮೂರು ಸಲ ಬಿಚ್ಚಿದೆ. ಬೇಜಾರಾಗಲಿಲ್ಲ.
ನಾಲ್ಕನೆಯದು ನಿಂತಿತು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅದರ ಪಕ್ಕದ ಅಚ್ಚುಕಟ್ಟು ಕುಚ್ಚುಗಳು
ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳಂತೆ ಕಂಡವು.
ಅವನ್ನೂ ಬಿಚ್ಚಿದೆ, ಹನ್ನೊಂದು.
ಬಿಡುವಾದ ನೇರಳೆ ಮಣಿಗಳೂ ಆಟಕ್ಕೆ ಸೇರಿಕೊಂಡವು.
ಗಂಡ ಎದ್ದು, ನೀರು ಕುಡಿದು, ನೋಡಿ,
ಏನೂ ಅನ್ನದೆ ಮತ್ತೆ ಮಲಗಿದ.

ಬೆಳಿಗ್ಗೆ ಹೇಮಾಕ್ಷಿ ಸೆರಗನ್ನು ಬಾಗಿಲ ಬೆಳಕಿಗೆ ಒಯ್ದಳು.
ಫೋನು ತೆಗೆದಳು, ಚಿತ್ರ ನೋಡಿದಳು, ಫೋನು ಒಳಗಿಟ್ಟಳು.
ಖಾಲಿ ಕಮಾನಿನೊಳಗೆ ಕಿರುಬೆರಳು ತೂರಿಸಿ
"ಇದಕ್ಕೆ ಯಾವ ಡಿಸೈನ್ ಅಂತಾರೆ?"
"ಗೂಡ್ಸ್ ಗಾಡಿ" ಎಂದೆ, ಬಾಯಿಗೆ ಬಂದದ್ದು.
ನಗಲಿಲ್ಲ. ಚಿತ್ರದಂತಿಲ್ಲವೆಂದು ಐವತ್ತು ರೂಪಾಯಿ ಮುರಿದುಕೊಂಡಳು.
ಸೀರೆಯನ್ನು ಮಾತ್ರ
ಕುಚ್ಚು ಮೇಲೆ ಬರುವ ಹಾಗೆ ಮಡಚಿದಳು.

ಎಂಟು ದಿನಕ್ಕೆ ಬಾಣಾವರದ ಇಬ್ಬರು ಬಂದರು,
ಅದೇ, ಗೂಡ್ಸ್ ಗಾಡಿ ಕುಚ್ಚು ಬೇಕೆಂದು.
ಬರೆದಿಟ್ಟಿರಲಿಲ್ಲ. ಕೈಯನ್ನು ಕೇಳಿದರೆ
ಅದಕ್ಕೂ ನೆನಪಿಲ್ಲ.
ಸೀರೆ ಬಿಟ್ಟು ಹೋಗಿ ಎಂದೆ,
ರಾತ್ರಿ ಗಾಡಿ ಬರಲಿ, ನೋಡೋಣ.